ಬಿಲ್ಲು ಬೇಕು, ಮರವೂ ಉಳಿಯಬೇಕು

ಮಲೆನಾಡಿನ ಊರಂಚಿನಲ್ಲಿ, ಕೆರೆಯ ಏರಿಯ ಮೇಲೆ, ಹಾಳುಬಿದ್ದ ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ ಬಿಲ್ಲು ಹೊಸದಲ್ಲ. ಕಲ್ಲಿನ ಮೇಲಿನ ವೀರ ಒಂದು ಕೈಯಲ್ಲಿ ಬಿಲ್ಲನ್ನು ಹಿಡಿದು, ಇನ್ನೊಂದರಿಂದ ಹೆದೆಯನ್ನು ಸೆಳೆದು ನಿಂತಿರುತ್ತಾನೆ. ಮಳೆಗಾಳಿಗೆ ಅವನ ಮುಖ ಸವೆದಿದ್ದರೂ ಬಿಲ್ಲಿನ ಬಾಗು ಉಳಿದಿರುತ್ತದೆ. ಆದರೆ ಅಂಥದೊಂದು ಬಿಲ್ಲನ್ನು ಮರದಿಂದ ಬಿಡಿಸಿ ತೆಗೆಯುವ ವಿದ್ಯೆ ಬಲ್ಲವರು ಯಾರು, ಅದಕ್ಕೆ ಯಾವ ಮರ ಬೇಕು, ಆ ಮರ ಈಗ ಎಲ್ಲಿದೆ ಎಂದು ಕೇಳಿದರೆ ಬಹುಪಾಲು ಊರುಗಳಲ್ಲಿ ಉತ್ತರ ದೊರೆಯುವುದಿಲ್ಲ.

ಬಿಲ್ಲುಗಾರಿಕೆ ಇಂದು ಕ್ರೀಡೆಯಾಗಿ ಬೆಳೆದಿದೆ. 1972ರ ಮ್ಯೂನಿಚ್ ಕೂಟದಿಂದೀಚೆಗೆ ಒಲಿಂಪಿಕ್ಸ್‌ನಲ್ಲಿ ಅದು ತಪ್ಪದೆ ನಡೆದುಬಂದಿದೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಬುಡಕಟ್ಟು ಕುಟುಂಬದಲ್ಲಿ ಹುಟ್ಟಿ ಬಿದಿರಿನ ಬಿಲ್ಲಿನಿಂದ ಅಭ್ಯಾಸ ತೊಡಗಿದ ಲಿಂಬಾ ರಾಮ್ 1988, 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಇಂಥ ಸಾಧಕರ ಕಥೆ ಕೇಳಿದ ಮಲೆನಾಡಿನ ಶಾಲೆಯ ಮಕ್ಕಳಿಗೂ ತಾವೊಂದು ಬಿಲ್ಲು ಮಾಡಿ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಪ್ರೋತ್ಸಾಹಿಸಬೇಕು. ಆದರೆ ಅದರ ಜೊತೆಗೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಒಂದು ಕಸುಬಿನ ಅಳಿವು ಉಳಿವು ಅದರ ಕೈಚಳಕದಲ್ಲಿ ಮಾತ್ರ ಇರುವುದಿಲ್ಲ. ಅದು ತನಗೆ ಬೇಕಾದ ಮರವನ್ನು ಕಾಡಿನಿಂದ ಪಡೆಯುವ ರೀತಿಯಲ್ಲಿ ಇರುತ್ತದೆ. ಬಿಲ್ಲಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಮರವನ್ನು ಅರಿಯುವ ಕೆಲಸ

ಬಿಲ್ಲಿಗೆ ಎರಡು ಮೈಗಳಿವೆ. ಗುರಿಯ ಕಡೆಗೆ ತಿರುಗಿರುವ ಮೈ ಬೆನ್ನು. ಬಿಲ್ಲುಗಾರನ ಕಡೆಗಿರುವ ಮೈ ಹೊಟ್ಟೆ. ಹೆದೆಯನ್ನು ಎಳೆದಾಗ ಬೆನ್ನಿನ ನಾರುಗಳು ಹಿಗ್ಗುತ್ತವೆ, ಹೊಟ್ಟೆಯ ನಾರುಗಳು ಕುಗ್ಗುತ್ತವೆ. ಬೆನ್ನಿನ ಮೇಲೆ ಒಂದೇ ಒಂದು ನಾರು ಅಡ್ಡಡ್ಡಲಾಗಿ ತುಂಡಾಗಿದ್ದರೂ ಬಿರುಕು ಅಲ್ಲಿಂದಲೇ ಆರಂಭವಾಗಿ ಬಿಲ್ಲು ಮುರಿಯುತ್ತದೆ. ಆದುದರಿಂದ ಬಿಲ್ಲಿನ ಮರವನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಬಡಿದು ಸೀಳುವುದು ಮೇಲು. ಗರಗಸ ತನ್ನ ದಾರಿಯಲ್ಲಿ ಹೋಗುತ್ತದೆ. ಬೆಣೆ ಮರದ ಎಳೆಯ ದಾರಿಯಲ್ಲಿ ಹೋಗುತ್ತದೆ. ಎಳೆ ತಿರುಚಿಕೊಂಡಿದ್ದರೆ ಸೀಳೂ ತಿರುಚಿಕೊಂಡು ಬರುತ್ತದೆ. ಅಂಥ ಮರ ಬಿಲ್ಲಿಗೆ ಒಗ್ಗದು. ನಿಂತ ಮರದ ತೊಗಟೆಯ ಗೆರೆಗಳು ಹಗ್ಗದ ಹುರಿಯಂತೆ ಸುತ್ತಿಕೊಂಡಿದ್ದರೆ ಒಳಗಿನ ಎಳೆಯೂ ಹಾಗೆಯೇ ಇರುವ ಸಂಭವ ಹೆಚ್ಚು ಎಂಬುದನ್ನು ಅರಿತವರು ಕೊಡಲಿ ಎತ್ತುವ ಮೊದಲೇ ಆ ಮರವನ್ನು ಬಿಟ್ಟುಬಿಡುತ್ತಾರೆ. ನೋಡಿ ಬಿಡುವುದೇ ಈ ವಿದ್ಯೆಯ ಮೊದಲ ಪಾಠ.

ಚಳಿದೇಶಗಳ ಮರಗಳಲ್ಲಿ ವರುಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ಅಲ್ಲಿನ ಬಿಲ್ಲುಗಾರರು ಅನೇಕ ಜಾತಿಯ ಮರಗಳಲ್ಲಿ ಒಂದೇ ಉಂಗುರವನ್ನು ತುದಿಯಿಂದ ತುದಿಯವರೆಗೆ ಕಡಿಯದೆ ಉಳಿಸಿಕೊಂಡು ಅದನ್ನೇ ಬಿಲ್ಲಿನ ಬೆನ್ನಾಗಿಸುತ್ತಾರೆ. ಉಷ್ಣವಲಯದ ಹಲವು ಮರಗಳಲ್ಲಿ ಉಂಗುರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಂಥ ಮರಗಳಲ್ಲಿ ತೊಗಟೆಯನ್ನು ಜಾಗರೂಕತೆಯಿಂದ ಸುಲಿದು, ಅದರಡಿಯ ಮೈಯನ್ನು ಮುಟ್ಟದೆ ಬೆನ್ನಾಗಿ ಇಟ್ಟುಕೊಳ್ಳುವುದು ಸುರಕ್ಷಿತವಾದ ದಾರಿ. ಕೀಸುವುದೆಲ್ಲ ಹೊಟ್ಟೆಯ ಕಡೆಯಿಂದ ಮಾತ್ರ.

ಸೀಳಿದ ಕೋಲನ್ನು ಒಣಗಿಸುವುದು ತಾಳ್ಮೆಯ ಕೆಲಸ. ಎರಡೂ ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದು, ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ತುದಿ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಸಿ ಇರುವ ಮರದಿಂದ ಮಾಡಿದ ಬಿಲ್ಲು ಹೆದೆ ಬಿಚ್ಚಿದ ಮೇಲೂ ಬಾಗಿಯೇ ಉಳಿಯುತ್ತದೆ. ಅದರ ಚಿಮ್ಮುವ ಶಕ್ತಿ ಕುಂದುತ್ತದೆ. ಆಗುಂಬೆಯಂಥ ಮಳೆಯ ಸೀಮೆಯಲ್ಲಿ ಒಣಗಿದ ಮರವೂ ಆಷಾಢದಲ್ಲಿ ಮತ್ತೆ ತೇವವನ್ನು ಹೀರಿಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ವಸ್ತುಗಳನ್ನು ಬೆಚ್ಚಗೆ ಇಟ್ಟು ಕಾಯುವ ಹಳೆಯ ಮನೆಗಳ ಕ್ರಮ ಬಿಲ್ಲಿನ ಕೋಲಿಗೂ ಒಪ್ಪುವಂಥದು.

ಬಾಗಿನ ಹದ

ಒಣಗಿದ ಕೋಲು ಬಿಲ್ಲಾಗುವುದು ಕೀಸುವುದರಿಂದ. ಇದರ ಹಿಂದಿರುವ ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೋಲಿನ ಅಗಲವನ್ನು ಅರ್ಧ ಮಾಡಿದರೆ ಅದರ ಬಿಗಿತವೂ ಅರ್ಧವಾಗುತ್ತದೆ. ಆದರೆ ದಪ್ಪವನ್ನು ಅರ್ಧ ಮಾಡಿದರೆ ಬಿಗಿತ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಕೀಸುಳಿ ಒಂದು ಸಾರಿ ಹೆಚ್ಚಾಗಿ ಓಡಿದರೂ ಆ ಜಾಗ ದುರ್ಬಲವಾಗುವುದು ಈ ಕಾರಣದಿಂದ. ಆದುದರಿಂದ ಸ್ವಲ್ಪ ಕೀಸಿ, ಹೆದೆ ಕಟ್ಟಿ, ಇಪ್ಪತ್ತು ಮೂವತ್ತು ಸಾರಿ ಮೆಲ್ಲಗೆ ಎಳೆದು ಬಿಟ್ಟು, ಎರಡೂ ತೋಳುಗಳ ಬಾಗನ್ನು ಗೋಡೆಗೆ ಒರಗಿಸಿ ಹೋಲಿಸಿ ನೋಡಬೇಕು. ಬಿಗಿಯಾಗಿರುವ ಜಾಗವನ್ನು ಕೀಸಬೇಕು. ಮೆತ್ತಗಿರುವ ಜಾಗವನ್ನು ಮುಟ್ಟಬಾರದು. ಉದ್ದೇಶಿಸಿದ ಎಳೆತಕ್ಕಿಂತ ಹೆಚ್ಚು ಬಲದಿಂದ ಯಾವ ಹಂತದಲ್ಲಿಯೂ ಎಳೆಯಬಾರದು. ಕಳೆದುಕೊಂಡ ದಪ್ಪವನ್ನು ಮರ ಹಿಂದಿರುಗಿಸುವುದಿಲ್ಲ.

28 ಇಂಚು ಎಳೆಯುವವರಿಗೆ ಸುಮಾರು 66 ಇಂಚು ಉದ್ದದ ಮರದ ಬಿಲ್ಲು ಸುರಕ್ಷಿತವೆಂದು ಬಿಲ್ಲುಗಾರರು ಎಣಿಸುತ್ತಾರೆ. ತುದಿಗಳು ಬಿಲ್ಲುಗಾರನಿಂದ ಆಚೆಗೆ, ಗುರಿಯ ಕಡೆಗೆ ಬಾಗಿರುವ ಬಿಲ್ಲಿಗೆ ಕ್ರೀಡಾಂಗಣದಲ್ಲಿ ರಿಕರ್ವ್ ಎಂದು ಹೆಸರು. ಮರುಬಾಗಿನ ಬಿಲ್ಲೆಂದು ಅದನ್ನು ಕರೆಯಬಹುದು. ಹೆದೆ ಏರಿಸಿದಾಗ ಅದು ಈ ಬಾಗಿದ ತುದಿಗಳ ಮೇಲೆ ಒರಗಿರುತ್ತದೆ. ಎಳೆಯುತ್ತ ಹೋದಂತೆ ತುದಿಯಿಂದ ಬಿಡಿಸಿಕೊಳ್ಳುತ್ತದೆ. ಇದರಿಂದ ಎಳೆತದ ಆರಂಭದಲ್ಲಿಯೇ ಹೆಚ್ಚು ಶಕ್ತಿ ಸಂಗ್ರಹವಾಗಿ, ಕೊನೆಯಲ್ಲಿ ಎಳೆತ ಒಮ್ಮೆಲೇ ಭಾರವಾಗುವುದು ತಪ್ಪುತ್ತದೆ. ಮರದ ಬಿಲ್ಲಿನಲ್ಲಿ ಈ ಮರುಬಾಗನ್ನು ಪಡೆಯಲು ಎರಡೂ ತುದಿಗಳ ಕೆಲವು ಇಂಚುಗಳನ್ನು ಹಬೆಯಲ್ಲಿ ಬೇಯಿಸಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ ಎಂಬುದು ಬಡಗಿಗಳ ಲೆಕ್ಕ. ಹಬೆಯಿಂದ ತೆಗೆದ ಕೂಡಲೇ, ಬಿಸಿ ಆರುವ ಮುನ್ನ, ಮೊದಲೇ ಸಿದ್ಧಪಡಿಸಿದ ಅಚ್ಚಿಗೆ ಬಿಗಿದು ಕೆಲವು ದಿನ ಹಾಗೆಯೇ ಬಿಡಬೇಕು. ಎರಡು ತುದಿಗಳಲ್ಲಿ ಒಂದು ಓರೆಯಾದರೂ ಹೆದೆ ನಡುಗೆರೆಯನ್ನು ಬಿಟ್ಟು ಜಾರುತ್ತದೆ, ತೋಳು ತಿರುಚುತ್ತದೆ. ನೇರವಾದ ಕೋಲಿನ ಬಿಲ್ಲು ಸಣ್ಣ ತಪ್ಪನ್ನು ಸಹಿಸೀತು. ಮರುಬಾಗಿನ ಬಿಲ್ಲು ಸಹಿಸುವುದಿಲ್ಲ.

ಹಿಡಿಕೆಯ ಆಯ್ಕೆ

ಬಿಲ್ಲಿನಲ್ಲಿ ಬಾಗದೆ ಇರುವ ಭಾಗವೆಂದರೆ ನಡುವಿನ ಹಿಡಿಕೆ. ಮನುಷ್ಯನ ಮೈ ಮರಕ್ಕೆ ತಾಗುವ ಮುಖ್ಯ ಸ್ಥಳ ಅದೇ. ಸಾಮಾನ್ಯವಾಗಿ 4 ಇಂಚು ಉದ್ದದ ಹಿಡಿಕೆಗೆ ಹೊಟ್ಟೆಯ ಕಡೆಯಿಂದ ಒಂದು ಮರದ ತುಂಡನ್ನು ಅಂಟಿಸಿ, ಎರಡೂ ಕಡೆ ಇಳಿಜಾರಾಗಿ ತೋಳುಗಳಿಗೆ ಸೇರಿಸುತ್ತಾರೆ. ಆ ತುಂಡನ್ನು ಕೆತ್ತುವ ರೀತಿಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಬಿಲ್ಲು ಹಿಡಿದಾಗ ಮಣಿಕಟ್ಟು ಯಾವ ಮಟ್ಟದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅವನ್ನು ತಗ್ಗಿನ ಹಿಡಿಕೆ, ನಡುಮಟ್ಟದ ಹಿಡಿಕೆ, ಎತ್ತರದ ಹಿಡಿಕೆ ಎಂದು ವಿಂಗಡಿಸಬಹುದು.

ತಗ್ಗಿನ ಹಿಡಿಕೆಯಲ್ಲಿ ಅಂಗೈಯ ಬುಡ ಬಿಲ್ಲಿಗೆ ಒರಗಿ ಕೂರುತ್ತದೆ. ಇದು ನೆಮ್ಮದಿಯ ಹಿಡಿತ. ಮಣಿಕಟ್ಟಿಗೆ ಆಯಾಸ ಕಡಿಮೆ. ಆದರೆ ಮರಕ್ಕೆ ತಾಗುವ ಅಂಗೈ ಹೆಚ್ಚಾದಷ್ಟೂ ತಿಳಿಯದಂತೆ ಬಿಲ್ಲನ್ನು ತಿರುಚುವ ಅಪಾಯವೂ ಹೆಚ್ಚು. ಬಾಣ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಎತ್ತರದ ಹಿಡಿಕೆಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಮಾತ್ರ ಬಿಲ್ಲನ್ನು ಒತ್ತುತ್ತದೆ. ತಾಗುವ ಜಾಗ ಚಿಕ್ಕದಾದ್ದರಿಂದ ತಿರುಚುವಿಕೆ ಕಡಿಮೆ, ಆದರೆ ಮಣಿಕಟ್ಟಿಗೆ ಬಲ ಬೇಕು. ದಿನವಿಡೀ ಅಭ್ಯಾಸ ಮಾಡಿ ಕೈ ಸೋತಾಗ ಹಿಡಿತ ಬದಲಾಗಿ ಗುರಿ ಕೆಡುತ್ತದೆ. ನಡುಮಟ್ಟದ ಹಿಡಿಕೆ ಇವೆರಡರ ನಡುವಿನ ಒಪ್ಪಂದ. ಯಾವುದನ್ನೇ ಆರಿಸಿದರೂ ಬಿಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅಮುಕಬಾರದು. ಒತ್ತಡ ಅಂಗೈಯ ನಡುಗೆರೆಯಿಂದ ಹೆಬ್ಬೆರಳಿನ ಕಡೆಗೆ ಬೀಳಬೇಕು, ಬೆರಳುಗಳು ಸಡಿಲವಾಗಿರಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಕಾಣಬೇಕು. ಎತ್ತರದ ಹಿಡಿಕೆಗೆ ದಪ್ಪ ತುಂಡು ಬೇಕು. ತಗ್ಗಿನ ಹಿಡಿಕೆಗೆ ಸಣ್ಣ ತುಂಡು ಸಾಕು. ತೊಗಲಿನ ಪಟ್ಟಿಯನ್ನೋ ನಾರಿನ ಹುರಿಯನ್ನೋ ಸುತ್ತಿ ಹಿಡಿಕೆಯನ್ನು ಅಂಗೈಗೆ ತಕ್ಕಂತೆ ಏರಿಸಿಕೊಳ್ಳಲೂಬಹುದು. ಹೊಸದಾಗಿ ಕಲಿಯುವವರು ತಗ್ಗಿನ ಇಲ್ಲವೆ ನಡುಮಟ್ಟದ ಸರಳ ಹಿಡಿಕೆಯಿಂದ ಆರಂಭಿಸಿ, ತಮ್ಮ ಕೈಯ ಅಳತೆ ತಿಳಿದ ಮೇಲೆ ಅದನ್ನು ತಿದ್ದಿಕೊಳ್ಳುವುದು ಲೇಸು. ಉಳಿಯಿಂದ ಒಮ್ಮೆ ತೆಗೆದದ್ದು ಮತ್ತೆ ಬಾರದು. ಹುರಿಯ ಸುತ್ತನ್ನು ಎಷ್ಟು ಸಾರಿಯಾದರೂ ಬಿಚ್ಚಿ ಕಟ್ಟಬಹುದು.

ಆದರೆ ಅಲಂಕಾರದ ಬಿಲ್ಲುಗಳಲ್ಲಿ ಹಿಡಿಕೆಯೇ ಪ್ರದರ್ಶನದ ವಸ್ತುವಾಗಿದೆ. ಕಪ್ಪು, ಕಡುಗೆಂಪು ಬಣ್ಣದ ದುಬಾರಿ ಚೇಗನ್ನು ಹಿಡಿಕೆಗೆ ಬಳಸಿ ಬಿಲ್ಲಿನ ಅಂದವನ್ನು ಹೊಗಳುವ ರೂಢಿ ಬೆಳೆದಿದೆ. ಇಂಥ ಮರಗಳ ಸಾಲಿನಲ್ಲಿ ಬೀಟೆಯ ಕುಲದ ಮರಗಳೂ ಇವೆ. ಘಟ್ಟದ ಬೀಟೆಯೂ ಸೇರಿದಂತೆ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. ಬಾಗುವ ಅಗತ್ಯವೇ ಇಲ್ಲದ ಭಾಗಕ್ಕೆ, ನೂರಾರು ವರ್ಷ ಬೆಳೆದ ಮರದ ತಿರುಳನ್ನು ಕೆತ್ತಿ ಕೂರಿಸುವುದರಿಂದ ಬಾಣ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಹಲಸಿನ ಹಳೆಯ ತೊಲೆಯ ತುಂಡು, ಮುರಿದ ಪೀಠೋಪಕರಣದ ಕಾಲು, ಬಡಗಿಯ ಮನೆಯ ಮೂಲೆಯಲ್ಲಿ ಬಿದ್ದ ಗಟ್ಟಿ ಚೂರು, ಇವುಗಳಲ್ಲಿ ಯಾವುದಾದರೂ ಆದೀತು. ಹಿಡಿಕೆಯನ್ನು ಆರಿಸಬೇಕಾದದ್ದು ಅಂಗೈ, ಅಂಗಡಿಯ ಕನ್ನಡಿಯಲ್ಲ.

ಒಂದು ಮರದ ಎರಡು ಗತಿಗಳು

ಮರ ಪಡೆಯುವ ರೀತಿ ಎಂಬ ಪ್ರಶ್ನೆಗೆ ಚರಿತ್ರೆ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟಿದೆ. ಮೊದಲನೆಯದು ಯುರೋಪಿನದು. ಅಲ್ಲಿ ಬಿಲ್ಲಿಗೆ ಶ್ರೇಷ್ಠವೆಂದು ಹೆಸರಾದ ಮರ ಯೂ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯನ ದೇಹ ದೊರೆತಾಗ ಅವನ ಜೊತೆಯಲ್ಲಿ ಅರ್ಧ ಕೆತ್ತಿದ, ಸುಮಾರು 1.8 ಮೀಟರ್ ಉದ್ದದ ಯೂ ಮರದ ಬಿಲ್ಲೂ ಇತ್ತು. ಈ ಮರದ ಹೊರಗಿನ ಬಿಳಿ ಭಾಗ ಹಿಗ್ಗುವುದಕ್ಕೂ ಒಳಗಿನ ಚೇಗು ಕುಗ್ಗುವುದಕ್ಕೂ ಒಪ್ಪುತ್ತದೆ. ಆದರೆ ಅದು ಬಹಳ ನಿಧಾನವಾಗಿ ಬೆಳೆಯುವ ಮರ.

ಇಂಗ್ಲೆಂಡಿನ ದೊರೆಗಳ ಸೈನ್ಯಕ್ಕೆ ಉದ್ದಬಿಲ್ಲು ಮುಖ್ಯ ಆಯುಧವಾದಾಗ ಆ ದೇಶದ ಯೂ ಸಾಲದಾಯಿತು. 1472ರ ಶಾಸನವೊಂದು, ಬಂದರಿಗೆ ಬರುವ ಹಡಗುಗಳು ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲುಕೋಲುಗಳನ್ನು ತರಲೇಬೇಕೆಂದು ವಿಧಿಸಿತು. ಬೇಡಿಕೆ ಏರಿದಂತೆ ಬೆಲೆಯೂ ಏರಿತು. ನೂರು ಕೋಲುಗಳಿಗೆ ಎರಡು ಪೌಂಡು ಇದ್ದ ಬೆಲೆ 1483ರ ವೇಳೆಗೆ ಎಂಟು ಪೌಂಡಾಯಿತು. 1510ರಲ್ಲಿ ವೆನಿಸ್ಸಿನ ವ್ಯಾಪಾರಿಗಳು ಹದಿನಾರು ಪೌಂಡು ಪಡೆದರು. ಬವೇರಿಯಾ, ಆಸ್ಟ್ರಿಯಾಗಳ ಪರ್ವತದ ಕಾಡುಗಳಿಂದ ಯೂ ಕೋಲುಗಳು ಸಾಗಿಹೋದವು. 1562ರಲ್ಲಿ ಬವೇರಿಯಾದ ಸರ್ಕಾರ ಈ ಕಡಿತವನ್ನು ನಿಲ್ಲಿಸಬೇಕೆಂದು ಚಕ್ರವರ್ತಿಗೆ ದೀರ್ಘವಾದ ಮನವಿಯನ್ನು ಕಳುಹಿಸಿತು. ಆರಿಸಿ ಆರಿಸಿ ಯೂ ಮರಗಳನ್ನು ಕಡಿದುದರಿಂದ ಕಾಡಿನ ಮೇಲ್ಛಾವಣಿ ಒಡೆದು, ಒಳನುಗ್ಗಿದ ಗಾಳಿಗೆ ಅಕ್ಕಪಕ್ಕದ ಮರಗಳೂ ಉರುಳುತ್ತಿವೆ ಎಂಬುದು ಅದರ ದೂರು. ಮನವಿ ತಡವಾಗಿತ್ತು. 1568ರಲ್ಲಿ ಸ್ಯಾಕ್ಸನಿ ಈ ವ್ಯಾಪಾರದ ಗುತ್ತಿಗೆ ಕೇಳಿದಾಗ ಕಡಿಯಲು ಮರವೇ ಉಳಿದಿರಲಿಲ್ಲ. 1595ರಲ್ಲಿ ಇಂಗ್ಲೆಂಡಿನ ರಾಜಸಭೆ ಸೇನಾದಳಗಳಲ್ಲಿ ಬಿಲ್ಲಿನ ಬದಲು ಬಂದೂಕನ್ನು ಇಡುವಂತೆ ಆಜ್ಞಾಪಿಸಿತು. ಬಂದೂಕು ಬಿಲ್ಲನ್ನು ಸೋಲಿಸಿತು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಬಿಲ್ಲಿನ ಮರವನ್ನು ಮುಗಿಸಿದ್ದು ಬಂದೂಕಲ್ಲ, ಬಿಲ್ಲಿನ ವ್ಯಾಪಾರವೇ ಎಂಬುದನ್ನೂ ಸೇರಿಸಿ ಓದಬೇಕು.

ಎರಡನೆಯ ಉತ್ತರ ಅಮೆರಿಕದ ನೆವಾಡಾ ಪ್ರಾಂತದ ಒಣಬೆಟ್ಟಗಳದು. ಅಲ್ಲಿನ ಮೂಲನಿವಾಸಿಗಳು ಜೂನಿಪರ್ ಮರದಿಂದ ಬಿಲ್ಲು ಮಾಡುತ್ತಿದ್ದರು. ಜೂನಿಪರ್ ಸಾಮಾನ್ಯವಾಗಿ ಸೊಟ್ಟಗೆ, ಗಂಟುಗಂಟಾಗಿ ಬೆಳೆಯುವ ಮರ. ನೇರ ಎಳೆಯುಳ್ಳ ಮರ ದೊರೆಯುವುದು ಅಪರೂಪ. ಅಂಥ ಮರ ಸಿಕ್ಕಿದಾಗ ಅವರು ಅದನ್ನು ಉರುಳಿಸಲಿಲ್ಲ. ನಿಂತ ಮರದ ಕಾಂಡದಲ್ಲಿ ಬಿಲ್ಲಿನಷ್ಟು ಉದ್ದದ ಅಂತರದಲ್ಲಿ ಮೇಲೊಂದು ಕೆಳಗೊಂದು ಕಚ್ಚು ಮಾಡಿ ಆ ಪಟ್ಟಿಗೆ ರಸ ಹರಿಯುವುದನ್ನು ತಡೆದರು. ಅದನ್ನು ಮರದ ಮೇಲೆಯೇ ಒಣಗಲು ಬಿಟ್ಟರು. ಬಳಿಕ ಎಳೆಯ ಗುಂಟ ಸೀಳಿ ತೆಗೆದುಕೊಂಡರು. ಮರ ಬದುಕಿ ಉಳಿಯಿತು, ಗಾಯದ ಮೇಲೆ ಹೊಸ ಮರ ಬೆಳೆಯಿತು, ಅದರಿಂದ ಮತ್ತೊಮ್ಮೆ ಬಿಲ್ಲುಕೋಲು ಬಂತು. ಪುರಾತತ್ತ್ವಜ್ಞ ಫಿಲಿಪ್ ವಿಲ್ಕೆ 1988ರಲ್ಲಿ ಇಂಥ ಮರಗಳ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಕಾಂಡದ ಮೇಲೆ ಬೇರೆಬೇರೆ ಕಾಲದಲ್ಲಿ ಕೋಲು ತೆಗೆದ ಹಲವು ಗುರುತುಗಳಿದ್ದ ಮರಗಳೂ ಅಲ್ಲಿದ್ದವು.

ಯುರೋಪಿನ ದೊರೆಗಳಿಗೆ ಶಾಸನವಿತ್ತು, ಹಡಗಿತ್ತು, ಹಣವಿತ್ತು. ನೆವಾಡಾದ ಜನರಿಗೆ ಇದ್ದದ್ದು ಒಂದೇ ಅರಿವು: ಈ ಮರ ಹೋದರೆ ಮುಂದಿನ ಬಿಲ್ಲಿಲ್ಲ. ಕೋಲನ್ನು ಕಡಿದವನಿಗೂ ಕಾಡಿಗೂ ನಡುವೆ ಹಡಗು, ಸುಂಕ, ದಲ್ಲಾಳಿಗಳು ಬಂದಾಗ ಆ ಅರಿವು ಅಳಿಯುತ್ತದೆ. ಮರ ಯಾರ ಕಣ್ಣೆದುರು ಇದೆಯೋ ಅವರ ಕೈಯಲ್ಲಿಯೇ ಅದರ ಬಳಕೆಯ ಅಂಕೆಯೂ ಇದ್ದಾಗ ಅದು ಉಳಿಯುತ್ತದೆ.

ಘಟ್ಟದ ಬಿದಿರಿನ ಪಾಠ

ಇದು ದೂರದ ದೇಶಗಳ ಕಥೆ ಮಾತ್ರವಲ್ಲ. ಉತ್ತರ ಕನ್ನಡದ ಕಾಡುಗಳು ಇದೇ ಪಾಠವನ್ನು ಬಿದಿರಿನಲ್ಲಿ ಕಂಡಿವೆ. ಕಾಗದದ ಕಾರ್ಖಾನೆಗಾಗಿ ಬಿದಿರನ್ನು ಅಗ್ಗದ ದರದಲ್ಲಿ ಒದಗಿಸತೊಡಗಿದ ಮೇಲೆ ಬುಟ್ಟಿ ಹೆಣೆದು ಬದುಕುವ ಮೇದಾರರಿಗೆ ಬಿದಿರು ದುರ್ಲಭವಾಯಿತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಈ ಕುರಿತು ಅಧ್ಯಯನ ನಡೆಸಿದರು. ಬಿದಿರಿನ ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳಿನ ಕವಚವನ್ನು ತೆಗೆದುಹಾಕಿದರೆ ಮೆಳೆ ಚೆನ್ನಾಗಿ ಬೆಳೆಯುವುದೆಂದು ಅಧಿಕಾರಿಗಳು ನಂಬಿದ್ದರು. ಆದರೆ ಆ ಮುಳ್ಳೇ ಎಳೆಯ ಕಳಲೆಯನ್ನು ದನಕರು, ಕಾಡುಪ್ರಾಣಿಗಳ ಬಾಯಿಂದ ಕಾಯುತ್ತಿತ್ತು. ಮುಳ್ಳು ಹೋದಲ್ಲಿ ಕಳಲೆ ಬಲಿತು ಬಿದಿರಾಗುವುದು ನಿಂತಿತು. ಹಳ್ಳಿಯವರಿಗೆ ಈ ಸಂಗತಿ ಮೊದಲೇ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ. ಬವೇರಿಯಾದ ಕಾಡಿನಲ್ಲಿ ಗಾಳಿ ಮಾಡಿದ್ದನ್ನು ಇಲ್ಲಿ ಮೇವು ಮಾಡಿತು. ತೆಗೆದದ್ದು ಒಂದಾದರೆ ಕಳೆದದ್ದು ಇನ್ನೊಂದು.

ನೆವಾಡಾದ ಕ್ರಮವನ್ನು ಹಾಗೆಯೇ ಮಲೆನಾಡಿಗೆ ತರುವುದೂ ತಪ್ಪಾದೀತು. ಅಲ್ಲಿಯದು ಒಣಹವೆ. ಇಲ್ಲಿನ ಮಳೆಯಲ್ಲಿ ನಿಂತ ಮರದ ಕಾಂಡವನ್ನು ಸೀಳಿದರೆ ಗಾಯದಲ್ಲಿ ನೀರು ನಿಂತು ಶಿಲೀಂಧ್ರವೂ ಗೆದ್ದಲೂ ಸೇರುತ್ತವೆ. ಅನುಸರಿಸಬೇಕಾದದ್ದು ಅವರ ಕೈಕೆಲಸವನ್ನಲ್ಲ, ಅದರ ಹಿಂದಿನ ನಿಯಮವನ್ನು: ಮರ ಮತ್ತೆ ಕೊಡಬಲ್ಲಷ್ಟನ್ನು ಮಾತ್ರ, ಮತ್ತೆ ಕೊಡಬಲ್ಲ ರೀತಿಯಲ್ಲಿ ಪಡೆಯುವುದು.

ಮಲೆನಾಡಿನಲ್ಲಿ ಮಾಡಬಹುದಾದದ್ದು

ಆ ನಿಯಮಕ್ಕೆ ಒಪ್ಪುವ ಮರ ಘಟ್ಟದಲ್ಲಿಯೇ ಇದೆ. ಎಲೆ ಉದುರಿಸುವ ಕಾಡುಗಳಲ್ಲಿ ಬೆಳೆಯುವ ತಡಸಲು ಮರ ಬಾಗಿ ಮರಳುವ ಗುಣಕ್ಕೆ ಹೆಸರಾದದ್ದು. ಗಾಡಿಯ ಮೂಕಿ, ಕೊಡಲಿಯ ಕಾವುಗಳಿಗೆ ಅದನ್ನು ಬಳಸುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಧನ್ವನ, ಧನುರ್ವೃಕ್ಷ ಎಂಬ ಹೆಸರುಗಳಿವೆ. ಬಿಲ್ಲಿನ ಮರವೆಂದೇ ಅದರ ಅರ್ಥ. ತೊಗಟೆಯಲ್ಲಿ ಹಗ್ಗಕ್ಕಾಗುವ ನಾರಿದೆ, ಹಣ್ಣು ತಿನ್ನಲು ಬರುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುವ ಗುಣವೂ ಇದಕ್ಕಿದೆ. ಬುಡದಿಂದ ಎದ್ದ ಹಲವು ಚಿಗುರುಗಳಲ್ಲಿ ಒಂದನ್ನು ತೆಗೆದು ಉಳಿದವನ್ನು ಬೆಳೆಯಬಿಟ್ಟರೆ ಮರ ಸಾಯುವುದಿಲ್ಲ, ಕೋಲೂ ದೊರೆಯುತ್ತದೆ. ಇಷ್ಟು ಉಪಯೋಗವುಳ್ಳ ಮರದ ಹೆಸರು ಇಂದಿನ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಗೊತ್ತಿದೆ? ಅಕೇಶಿಯಾ ನೆಡುತೋಪಿನ ಹೆಸರು ಎಲ್ಲರಿಗೂ ಗೊತ್ತು. ಒಂದೇ ಜಾತಿಯ ಮರಗಳ ಸಾಲಿನಲ್ಲಿ ಬಿಲ್ಲಿನ ಮರವನ್ನು ಹುಡುಕುವವನು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಮೂಕಿಗೊಂದು, ಕಾವಿಗೊಂದು, ಬಿಲ್ಲಿಗೊಂದು, ಹಗ್ಗಕ್ಕೊಂದು ಮರ ಬೇಕೆಂದರೆ ಹಲವು ಜಾತಿಯ ಮರಗಳಿರುವ ಕಾಡೇ ಬೇಕು.

ಬಿದಿರಿನ ಬಿಲ್ಲು ಕಲಿಯುವವರಿಗೆ ಇನ್ನೂ ಸುಲಭ. ಅದರ ಹೊರಮೈ ಹಿಗ್ಗುವ ಒತ್ತಡವನ್ನು ಬಹಳವಾಗಿ ತಡೆಯುತ್ತದೆ. ಬಲಿತ ಒಂದು ಗಳವನ್ನು ತೆಗೆದರೆ ಮೆಳೆಗೆ ನಷ್ಟವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿದೆ. 2017ರ ತಿದ್ದುಪಡಿಯ ಮೇಲೆ, ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ಮರದ ವ್ಯಾಖ್ಯೆಯಲ್ಲಿ ಉಳಿದಿಲ್ಲ. ಬೇಲಿಯಂಚಿನ ಬಿದಿರಿನಿಂದ ಒಂದು ಶಾಲೆಯ ಮಕ್ಕಳೆಲ್ಲರಿಗೆ ಬೇಕಾಗುವಷ್ಟು ಬಿಲ್ಲುಗಳನ್ನು ಮಾಡಬಹುದು. ಮರದ ವಿಷಯ ಹಾಗಲ್ಲ. 1976ರ ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರವನ್ನು ಕಡಿಯಲೂ, ವಿನಾಯಿತಿಯುಳ್ಳ ಜಾತಿಗಳನ್ನು ಬಿಟ್ಟರೆ, ಅನುಮತಿ ಬೇಕು. ಅದನ್ನು ಕೇಳಿಯೇ ಮುಂದುವರಿಯಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧವೆಂಬ ಪದದ ವ್ಯಾಖ್ಯೆಯೊಳಗೆ ಬಿಲ್ಲುಬಾಣಗಳೂ ಸೇರಿವೆ. ಅನುಮತಿಯಿಲ್ಲದೆ ಅವನ್ನು ಹಿಡಿದು ಅಭಯಾರಣ್ಯದೊಳಗೆ ಹೋಗುವುದು ಅಪರಾಧ. ಬಿಲ್ಲಿನ ವಿದ್ಯೆ ಮರಳಬೇಕೆನ್ನುವುದು ಬೇಟೆ ಮರಳಬೇಕೆಂದು ಅಲ್ಲ. ಹುಲ್ಲಿನ ಮೂಟೆ, ಬಾಳೆಯ ದಿಂಡು ಗುರಿಯಾಗಲು ಸಾಕು. ಹೊಸಬರು 25 ಪೌಂಡಿನ ಆಸುಪಾಸಿನ ಎಳೆತದಿಂದ, ಮಕ್ಕಳು ಅದಕ್ಕೂ ಕಡಿಮೆಯಿಂದ ಆರಂಭಿಸಬೇಕು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಮರಕ್ಕೇ ಬಡಿದು ಬಿಲ್ಲು ಸಿಡಿಯುವ ಅಪಾಯವಿದೆ.

ಇಷ್ಟೆಲ್ಲ ಏಕೆ, ಗಾಜಿನ ನಾರಿನ ಬಿಲ್ಲು ಕೊಂಡರೆ ಮರವೂ ಉಳಿಯುವುದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಸ್ಪರ್ಧೆಗೆ ಇಳಿಯುವವರಿಗೆ ಅಂಥ ಬಿಲ್ಲೇ ಸರಿ. ಅದು ಮಳೆಗೆ ಹೆದರುವುದಿಲ್ಲ, ಒಂದರಂತೆ ಇನ್ನೊಂದು ಇರುತ್ತದೆ. ಆದರೆ ಅದರ ತೋಳುಗಳ ನಡುವೆಯೂ ಎಷ್ಟೋ ಸಾರಿ ಮರದ ಹಲಗೆಯೇ ಇರುತ್ತದೆ, ಮುರಿದ ಮೇಲೆ ಅದು ಮಣ್ಣಿಗೆ ಸೇರುವುದೂ ಇಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕೊಂಡ ಬಿಲ್ಲು ಗುರಿಯನ್ನು ಕಲಿಸೀತೇ ಹೊರತು ಮರವನ್ನು ಕಲಿಸದು. ತಾನೇ ಬಿಲ್ಲು ಮಾಡಹೊರಟ ಹುಡುಗಿ ಹತ್ತು ಮರಗಳನ್ನು ನೋಡಿ ಒಂಬತ್ತನ್ನು ಬಿಡುತ್ತಾಳೆ. ಎಳೆ ಎತ್ತ ಓಡುತ್ತದೆ, ಗಂಟು ಎಲ್ಲಿದೆ, ಚಿಗುರು ಎಷ್ಟು ವರ್ಷದ್ದು ಎಂದು ಕೇಳುತ್ತಾಳೆ. ಹಾಗೆ ಕೇಳಿದವಳಿಗೆ ಕಾಡು ಘನಮೀಟರಿನ ಲೆಕ್ಕವಾಗಿ ಕಾಣುವುದಿಲ್ಲ. ಕಾಡಿನ ಕಾವಲಿಗೆ ನಾಳೆ ಬೇಕಾಗುವುದು ಇಂಥ ಕಣ್ಣೇ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ಆ ಚಳವಳಿ ಕೊಟ್ಟ ಮಾತು ಮೂರು ಪದಗಳದು: ಉಳಿಸು, ಬೆಳೆಸು, ಬಳಸು. ಮೊದಲ ಎರಡು ಪದಗಳನ್ನು ಸಭೆಗಳಲ್ಲಿ ಹೇಳಿದಷ್ಟು ಮೂರನೆಯದನ್ನು ಹೇಳಿದ್ದಿಲ್ಲ. ಬಳಕೆಯೇ ಇಲ್ಲದ ಮರದ ಹೆಸರು ಮರೆತುಹೋಗುತ್ತದೆ. ಹೆಸರು ಮರೆತ ಮರವನ್ನು ಕಡಿದಾಗ ಅಳುವವರೂ ಇರುವುದಿಲ್ಲ. ಮಿತಿಯಿಲ್ಲದ ಬಳಕೆ ಏನು ಮಾಡಿತೆಂಬುದನ್ನು ಯೂ ಮರದ ಕಥೆ ಹೇಳುತ್ತದೆ. ಇವೆರಡರ ನಡುವಿನ ದಾರಿ ಕಿರಿದಾದದ್ದು, ಆದರೆ ಇದೆ. ಈ ಮಳೆಗಾಲದ ಆರಂಭದಲ್ಲಿ ಪ್ರತಿಯೊಂದು ಊರಿನ ಶಾಲೆಯ ಬೇಲಿಗೆ ನಾಲ್ಕು ತಡಸಲು ಸಸಿ, ಎರಡು ಬಿದಿರಿನ ಮೆಳೆ ನೆಡುವುದರಿಂದ ಆ ದಾರಿಯನ್ನು ತೊಡಗಬಹುದು. ಬಿಲ್ಲಿಗೆ ಅವಸರವಿಲ್ಲ. ಮೊದಲು ಮರ ಬೆಳೆಯಲಿ.